ದನಿ ಬಂದ್ ಮಾಡಿ ನೋಡಿದ ಕಪ್ತಾನ

ನಮ್ಮ ಮನೆಯಲ್ಲಿ ಇಂಗ್ಲಿಷ್ ಸಿನಿಮಾ ಅಂದರೆ ಮೊದಲು ಟಿವಿಯ ದನಿ ಬಂದ್ ಮಾಡಬೇಕು. ಊರು ಬಿಟ್ಟು ಬಂದು, ಮೆಹದಿಪಟ್ಟಣಂನ ಬಾಡಿಗೆ ಮನೆಯಲ್ಲಿ ನಾವು ಮೂವರು: ಸರ್ಕಾರಿ ನೌಕರಿಯ ಅಪ್ಪ, ಅಜ್ಜಿ, ನಾನು. ತಾಯಿ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಜ್ಜಿಗೆ ಇಂಗ್ಲಿಷ್ ಬಾರದು, ನನಗೂ ಅಷ್ಟಕ್ಕಷ್ಟೇ. ಅಪ್ಪ ಕೋಠಿ ಬಜಾರಿನಿಂದ ಸಿನಿಮಾ ಡಿಸ್ಕ್ ತಂದು, ಶನಿವಾರ ತಾನೊಬ್ಬನೇ ಕೂತು ಪೂರ್ತಿ ಕೇಳಿಕೊಳ್ಳುತ್ತಿದ್ದ. ಭಾನುವಾರ ಮಧ್ಯಾಹ್ನ ದನಿ ಬಂದ್ ಮಾಡಿ, ಎಲ್ಲರ ಮಾತನ್ನೂ ತಾನೇ ಕನ್ನಡದಲ್ಲಿ ಆಡುತ್ತಿದ್ದ.

ಮತ್ತೆ ಮತ್ತೆ ನೋಡಿದ್ದು ಹಡಗಿನ ಸಿನಿಮಾ. ಒಬ್ಬ ಮುದಿ ಕಪ್ತಾನ, ಅವನ ಜೊತೆ ದ್ವೀಪ ಹುಡುಕಿ ಹೊರಟ ಪುಟ್ಟ ಹುಡುಗಿ. ಅಲ್ಲಿ ಬಂಗಾರ ಇದೆ ಎಂದು ಅಪ್ಪ ಹೇಳಿದ್ದ. ಬಿರುಗಾಳಿ ಎದ್ದರೆ ಕಪ್ತಾನ ಕೂಗುತ್ತಿದ್ದ: "ಏ, ಹಗ್ಗಾ ಜಗ್ರೋ! ನನ್ನ ಮಾರಿ ಏನ್ ನೋಡಾಕತ್ತೀರಿ?"

ಅಜ್ಜಿ ಬಿದ್ದು ಬಿದ್ದು ನಗುತ್ತಿದ್ದಳು. "ಈ ಕಪ್ತಾನ ನಮ್ಮ ಕಡೆಯಾಂವನ ಇರಬೇಕ್ ನೋಡ," ಅನ್ನುವಳು.

ಒಂದು ಕಡೆ ಮಾತ್ರ ಅಪ್ಪ ಸುಮ್ಮನಾಗುತ್ತಿದ್ದ. ಕಪ್ತಾನ ನಮಗೆ ಬೆನ್ನು ಮಾಡಿ ಮಂಡಿಯೂರಿ, ಹುಡುಗಿಯ ಕೋಟಿನ ಗುಂಡಿ ಹಾಕುತ್ತಾನೆ. ಹುಡುಗಿಯ ಮುಖವೂ ಕಾಣದು.

"ಏನಂತಾನಪ್ಪಾ?" ಎಂದು ನಾನು ಕೇಳುತ್ತಿದ್ದೆ.

"ಏನೂ ಅನ್ನಂಗಿಲ್ಲವ್ವ. ಬೆನ್ನು ನೋಡು. ಬೆನ್ನಿಲೆ ಆ್ಯಕ್ಟಿಂಗ್ ಮಾಡಾಕತ್ತಾನ."

ಹಿಂದೆ ಊರ ನಾಟಕಗಳಲ್ಲಿ ಬಣ್ಣ ಹಚ್ಚಿದ್ದ ಅಪ್ಪನ ಮಾತು ಅದು. ನಾವು ಬೆನ್ನನ್ನೇ ನೋಡುತ್ತಿದ್ದೆವು. ಕೊನೆಯ ಗುಂಡಿ ಹಾಕಿ ಕಪ್ತಾನ ಎದ್ದ ಕೂಡಲೇ, "ನಡೀಯವ್ವ, ಹಡಗ ಬಿಡೂ ಹೊತ್ತಾತು," ಎಂದು ಅಪ್ಪನ ದನಿ ಮರಳುತ್ತಿತ್ತು.

ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳು ಏಳುತ್ತಿದ್ದ ಕಾಲಕ್ಕೆ ನನಗೂ ಅಲ್ಲೇ ಕೆಲಸ ಸಿಕ್ಕಿತು. ದಿನವಿಡೀ ಇಂಗ್ಲಿಷ್. ಅಷ್ಟರಲ್ಲಿ ಅಜ್ಜಿ ಹೋಗಿದ್ದಳು, ಅವಳ ಹಿಂದೆಯೇ ಅಪ್ಪನೂ ಹೋದ. ಅವನ ದನಿಯನ್ನು ನಾವು ಯಾವ ಕ್ಯಾಸೆಟ್ಟಿನಲ್ಲೂ ಹಿಡಿದಿಟ್ಟಿರಲಿಲ್ಲ. ಅದನ್ನೊಮ್ಮೆ ಕೇಳಬೇಕೆಂದು ಜೀವ ಹಪಹಪಿಸುತ್ತಿತ್ತು. ಒಂದು ಭಾನುವಾರ ತಡೆಯಲಾರದೆ ಅದೇ ಸಿನಿಮಾ ಹಾಕಿದೆ, ಈ ಸಲ ದನಿ ಇಟ್ಟು.

ಥೂ, ಇದೆಂಥ ದನಿ! ನಮ್ಮ ಕಪ್ತಾನನಿಗೆ ಇಷ್ಟು ಸಣ್ಣ, ನಯವಾದ ಗಂಟಲೇ? ನನಗೆ ಸಿಟ್ಟೇ ಬಂತು. ಬಂಗಾರದ ಸುದ್ದಿಯಂತೂ ಎಲ್ಲೂ ಇರಲಿಲ್ಲ. ಹುಡುಗಿ ಹುಡುಕುತ್ತಿದ್ದದ್ದು ಅವಳ ತಾಯಿಯನ್ನು.

ಗುಂಡಿ ಹಾಕುವ ದೃಶ್ಯ ಬಂತು. ಕಪ್ತಾನ ಮಾತಾಡಿದ! ಮೊದಲ ಗುಂಡಿಯಿಂದ ಕೊನೆಯ ಗುಂಡಿಯವರೆಗೂ ಮಾತಾಡಿದ. ನಿನ್ನ ತಾಯಿ ಆ ದ್ವೀಪದಲ್ಲೂ ಇಲ್ಲ ಮಗು, ಅವಳು ಇನ್ನು ಬರುವುದಿಲ್ಲ, ಎಂದು ಹೇಳುತ್ತಿದ್ದ.

ಅಯ್ಯೋ ಅಪ್ಪಾ. ಅಳು ಒತ್ತರಿಸಿ ಬಂತು. ಪ್ರತಿ ಶನಿವಾರ ಒಬ್ಬನೇ ಕೂತು ಇದನ್ನು ಕೇಳಿಕೊಂಡು, ಭಾನುವಾರ ನನಗೆ ಬಂಗಾರದ ಕಥೆ ಹೇಳುತ್ತಿದ್ದನಲ್ಲ!

ಕಣ್ಣೊರೆಸಿಕೊಂಡು ದನಿ ಬಂದ್ ಮಾಡಿ, ಅದೇ ದೃಶ್ಯ ಮತ್ತೆ ಹಾಕಿದೆ. ಬೆನ್ನು ನೋಡಿದೆ. ಮೂರನೆಯ ಗುಂಡಿಗೆ ಕಪ್ತಾನನ ಒಂದು ಭುಜ ಚೂರೇ ಚೂರು ಕುಸಿಯುತ್ತದೆ, ಮತ್ತೆ ನೆಟ್ಟಗಾಗುತ್ತದೆ. ಎಂಥಾ ನಟ ಮಾರಾಯರೇ! ಅಷ್ಟರ ಮಟ್ಟಿಗೆ ಅಪ್ಪ ಸುಳ್ಳು ಹೇಳಿರಲಿಲ್ಲ.

ಕೊನೆಯ ಗುಂಡಿ ಮುಗಿಯಿತು. ಕಪ್ತಾನ ಎದ್ದು ನಿಂತು ತುಟಿ ಅಲ್ಲಾಡಿಸಿದ. ಅಭ್ಯಾಸಬಲ, ಕಾದು ಕೂತೆ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

"ನಡೀಯವ್ವ," ಅಂದೆ ನಾನೇ, "ಹಡಗ ಬಿಡೂ ಹೊತ್ತಾತು."