ಸಾಂಬಾರಿಗೆ ತಕ್ಕ ಸ್ಪ್ರಿಂಗು

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಗ್ರೀಸ್ ಬಳಿದರು. ಎಲ್ಲರೂ ಮೂಗು ಮುಚ್ಚಿಕೊಂಡು ಇಳಿದರೆ, ನಾನು ಸುಮ್ಮನೆ ಇನ್ನೊಂದು ಸಲ ಮೇಲೆ ಹೋಗಿ ಬಂದೆ. ಆ ವಾಸನೆ ನನಗೆ ಪುದುಪೇಟೆಯದು. ಹೇಳುತ್ತೇನೆ, ತಾಳಿ. ಫೋನಿನಲ್ಲಿ ಈಗಷ್ಟೇ ಕುಟ್ಟಲು ಕಲಿತಿದ್ದೇನೆ, ಅದೂ ಒಂದೇ ಬೆರಳಲ್ಲಿ.

ಅದು ಬ್ಯಾಂಕಿನವರಿಗೆ ಸ್ವಯಂನಿವೃತ್ತಿ ಕೊಟ್ಟ ಕಾಲ. ನಮ್ಮ ಯಜಮಾನರು ಕುರ್ಚಿ ಬಿಟ್ಟು ಬಂದು, ಚೆನ್ನೈನ ವಡಪಳನಿಯಲ್ಲಿ ಸಿನಿಮಾದವರಿಗೆ ಊಟ ಒದಗಿಸುವ ಕೆಲಸ ಹಿಡಿದರು. ಹಿಡಿದವರು ಅವರು, ಬೇಯಿಸಿದವಳು ನಾನು. ಶೂಟಿಂಗಿನವರಿಗೋ ರಸ್ತೆ ಇರುವ ಜಾಗ ಕಂಡರಾಗದು. ಕಲ್ಲುಕ್ವಾರಿ, ಕುರುಚಲು ಕಾಡು, ಒಣಗಿದ ಕೆರೆ. ಅದಕ್ಕೆಂದೇ ನಾಲ್ಕು ಚಕ್ರವೂ ಎಳೆಯುವ ಹಳೇ ಜೀಪು ಬಂತು. ಅಡುಗೆ ತುಂಬಿದ ಅಂಡಾಗಳು, ಅಂದರೆ ದೊಡ್ಡ ಹಂಡೆಗಳು, ನೀರಿನ ಡ್ರಮ್ಮು ಏರಿಸಿದರೆ ಅದರ ಹಿಂಭಾಗ ಎಮ್ಮೆಯಂತೆ ಕೂತುಬಿಡುತ್ತಿತ್ತು. ಹಳ್ಳ ಸಿಕ್ಕಿದರೆ ದಡ್! ಅರ್ಧ ಸಾಂಬಾರು ನೆಲಕ್ಕೆ.

ಹೊಸ ಸ್ಪ್ರಿಂಗ್ ತರಲು, ಗಾಡಿಗಳ ಬಿಡಿಭಾಗ ಮಾರುವ ಪುದುಪೇಟೆಗೆ ಇವರ ಜೊತೆ ನಾನೂ ಹೋದೆ. ಟಿ. ನಗರದ ಸೀರೆ ಅಂಗಡಿಯಲ್ಲಿ ಬಾಗಿಲಾಚೆ ನಿಂತು ಆಕಳಿಸುವ ಮನುಷ್ಯ, ಇಲ್ಲಿ ಸ್ಪ್ರಿಂಗಿನ ಒಂದೊಂದು ಕಮಾನು ಪಟ್ಟಿಯನ್ನೂ ಜರಿ ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದರು.

"ವರುಂಬೋದು ವಂಡಿ ಕಾಲಿಯಾ ಸಾರ್?" ಬರುವಾಗ ಗಾಡಿ ಖಾಲಿಯೇ ಎಂದು ಅಂಗಡಿಯವನು ಕೇಳಿದ.

"ಪೂರ್ತಿ ಖಾಲಿ," ಅಂದರು ಇವರು.

ನಾನೂ ತರಕಾರಿ ಹೆಚ್ಚುವ ಸೆಲ್ವಿಯೂ ದಿನಾ ಹಿಂದಿನ ಹಲಗೆಯಲ್ಲಿ ಕೂತೇ ಹೋಗಿಬರುವವರು. "ಖಾಲಿನಾ? ನಾವಿಬ್ರೂ ಏನು ಹಾರ್ಕೊಂಡ್ ಬರ್ತೀವಾ?"

"ನಿಮ್ದೂ ಒಂದು ಲೋಡಾ ಕಣೇ, ಸುಮ್ನಿರು."

ಮದುವೆಯಾದ ಮೇಲೆ ಮೊದಲ ಸಲ ನನ್ನನ್ನು ಹಗುರ ಅಂದರಲ್ಲ ಎಂದು ಕ್ಷಣಹೊತ್ತು ಖುಷಿಯೂ ಆಯಿತು.

ಅಂಗಡಿಯಲ್ಲಿದ್ದ ಅತಿ ಗಟ್ಟಿ ಪಟ್ಟಿಗಳೇ ಬಂದವು. ಹೋಗುವಾಗ ಸಾಂಬಾರು ಕಲ್ಯಾಣಿಯ ನೀರಿನಂತೆ ಅಲುಗಾಡದೆ ಕೂತಿತು. ಬರುವಾಗ ಭಾರವಿಲ್ಲದೆ ಪಟ್ಟಿ ಬಗ್ಗಲೇ ಇಲ್ಲ. ದಾರಿಯ ಕಲ್ಲುಗಳೆಲ್ಲ ನೇರ ನಮ್ಮ ಬೆನ್ನುಮೂಳೆಗೇ ಬಂದವು.

"ಅಕ್ಕಾ, ಇಡುಪ್ಪು ಪೋಚ್ಚು," ಎಂದು ಸೆಲ್ವಿ ಸೊಂಟ ಹಿಡಿದುಕೊಂಡಳು. ಕೆಲವೇ ದಿನಗಳಲ್ಲಿ ನನಗೆ ಬಗ್ಗಿ ಅಂಡಾ ಮುಚ್ಚಳ ತೆಗೆಯಲೂ ಆಗದಾಯಿತು. ನನ್ನ ಸೊಂಟ ಬಿದ್ದರೆ ಅಡುಗೆಮನೆಯೂ ಬಿದ್ದಂತೆ. ಇವರಿಗೆ ಹೇಳಿದೆ.

"ಹೊಸದಲ್ವಾ, ಪಳಗತ್ತೆ."

"ಯಾವ್ದು? ಪಟ್ಟಿನಾ, ನನ್ನ ಸೊಂಟಾನಾ?"

ಮಾರನೆಯ ದಿನ ಕ್ವಾರಿಯಿಂದ ಹೊರಡುವಾಗ ನಾನೂ ಸೆಲ್ವಿಯೂ ಡ್ರೈವರ್ ಮಣಿಯ ಪಕ್ಕ, ಇವರು ದಿನಾ ಕೂರುವ ಮುಂದಿನ ಸೀಟಿಗೆ ಏರಿಬಿಟ್ಟೆವು. "ಹಿಂದೆ ಪಾತ್ರೆ ತುಂಬಾ ಸದ್ದು ಮಾಡ್ತವೆ ಕಣ್ರೀ, ನೀವೇ ಸ್ವಲ್ಪ ಹಿಡ್ಕೊಳ್ಳಿ," ಅಂದೆ. ಇವರು ಗತ್ತಿನಿಂದಲೇ ಹತ್ತಿದರು. ಮೊದಲ ಗುಂಡಿಗೆ ಕೆಮ್ಮು ಕೇಳಿಸಿತು. ಆಮೇಲೆ "ರಾಮಾ". ಆಮೇಲೆ ದೇವರೂ ಇಲ್ಲ, ಬರೀ "ನಿಲ್ಸೋ ಮಣೀ!"

"ಖಾಲಿ ಗಾಡಿ ಕಣಪ್ಪಾ, ನಡಿ ನೀನು," ಅಂದೆ. ಸೆಲ್ವಿ ಸೆರಗು ಬಾಯಿಗೆ ತುರುಕಿಕೊಂಡಳು.

ಮತ್ತೆ ಪುದುಪೇಟೆ. ಅಂಗಡಿಯವನದು ಅದೇ ಪ್ರಶ್ನೆ. ಇವರು ಕೂರಲಾಗದೆ ನಿಂತೇ ಇದ್ದರು. ನನ್ನ ಮುಖ ನೋಡದೆ, "ಖಾಲಿ ಅಲ್ಲಪ್ಪಾ, ನಮ್ ಮನೆಯವ್ರು ಇರ್ತಾರೆ," ಅಂದರು. ಈ ಸಲ ಹಾಕಿಸಿದ್ದು ಮೇಲೆ ಮೆತ್ತನೆಯ ಪಟ್ಟಿಗಳು, ಕೆಳಗೆ ಭಾರ ಬಿದ್ದಾಗ ಮಾತ್ರ ತಾಗುವ ಒಂದು ದಪ್ಪ ಪಟ್ಟಿ. ಸಾಂಬಾರೂ ಉಳಿಯಿತು, ಸೊಂಟವೂ ಉಳಿಯಿತು.

ಮುಂದಿನ ಸೀಟನ್ನು ಮಾತ್ರ ನಾನು ವಾಪಸು ಕೊಡಲೇ ಇಲ್ಲ. ಮೊಮ್ಮಗಳ ಕಾರಿನಲ್ಲೂ ಅದು ನನ್ನದೇ. ಈಗ ಕೆಳಗೆ ಅವಳ ಹಾರ್ನ್ ಕೇಳುತ್ತಿದೆ, ಮೈಲಾಪೂರಿಗೆ ಹೊರಟಿದ್ದೇವೆ. ಇವರು ಆಗಲೇ ಇಳಿದುಹೋಗಿ, ತಾವಾಗಿಯೇ ಹಿಂದೆ ಕೂತಿರುತ್ತಾರೆ. ಇವತ್ತು ನಾನೂ ಹಿಂದೆಯೇ ಕೂರೋಣ ಅಂದುಕೊಂಡಿದ್ದೇನೆ. ಏನು ಗ್ರಹಚಾರವೋ ಎಂದು ಹೆದರಿ ಅವರು ಮುಂದೆ ಓಡದಿದ್ದರೆ ಸಾಕು.