ಚಹರೆಯಕ್ಕನ ಆರುನೂರು ಅಕ್ಷರ

ಬೆಳಗಿನ ಐದೂವರೆ. ಮೂರನೇ ಮಹಡಿಯ ಪುಟ್ಟ ಅಡುಗೆಮನೆಯಲ್ಲಿ ಒಲೆಯ ಮೇಲೆ ಹಾಲು, ಮೇಜಿನ ಮೇಲೆ ಹಳೆಯ ಲ್ಯಾಪ್‌ಟಾಪ್. ಎರಡಕ್ಕೂ ಒಂದೊಂದು ಕಣ್ಣು ಹಂಚಿ ಕೂತಿರುವ ನಲವತ್ತೊಂಬತ್ತರ ಹೆಂಗಸು, ಎಲ್ಲೂ ಇಲ್ಲದ ಒಬ್ಬ ದೋಣಿಗಾರನಿಗೆ ಮೂಗು ಹುಡುಕುತ್ತಿದ್ದಾರೆ.

‘ಹೇಗಿರಬೇಕು ಅಂತ ಕೇಳಿದ್ದಕ್ಕೆ, ಬರೆಸೋರು ಧೈರ್ಯವಂತನ ಮೂಗು ಇರಲಿ ಅಂದಿದ್ದಾರೆ. ಮೂಗಲ್ಲಿ ಧೈರ್ಯ ಎಲ್ಲಿರುತ್ತೆ ಹೇಳಿ? ನೆಗಡಿ ಇರುತ್ತೆ’ ಎನ್ನುತ್ತಾರೆ. ಟೈಪು ಮಾಡುತ್ತಾರೆ, ಅಳಿಸುತ್ತಾರೆ, ಮತ್ತೆ ಮಾಡುತ್ತಾರೆ. ಅಷ್ಟರಲ್ಲಿ ಹೊರಬಾಗಿಲಿಗೆ ಏನೋ ಬಡಿದ ಸದ್ದು. ಬೆರಳುಗಳು ಕೀಲಿಗಳ ಮೇಲೆ ಹಾಗೇ ನಿಲ್ಲುತ್ತವೆ. ಪೇಪರಿನವನು ಮೆಟ್ಟಿಲಿಳಿದು ಹೋದದ್ದು ಕೇಳಿಸಿದ ಮೇಲೂ ಅವರು ಎದ್ದು ಹೋಗಿ ಎರಡೂ ಚಿಲಕ ಮುಟ್ಟಿ ನೋಡಿ ಬರುತ್ತಾರೆ. ಹಾಲು ಉಕ್ಕಿರುತ್ತದೆ.

ಅಂತರ್ಜಾಲದಲ್ಲಿ ಆಡುವ ಪಾತ್ರಾಭಿನಯದ ಆಟವೊಂದಕ್ಕೆ ಪಾತ್ರಗಳ ವಿವರಣೆ ಬರೆದುಕೊಡುವುದು ಇವರ ಕೆಲಸ. ಈ ಆಟದಲ್ಲಿ ಚಿತ್ರವೇ ಇಲ್ಲ, ಎಲ್ಲ ಅಕ್ಷರ. ಎಲ್ಲೆಲ್ಲಿಯವರೋ ಒಂದೇ ಹೊತ್ತಿಗೆ ಒಳಗೆ ಬಂದು ತಾವು ಕಲ್ಪಿಸಿಕೊಂಡ ಕಮ್ಮಾರನೋ ಕಳ್ಳನೋ ರಾಣಿಯೋ ಆಗಿ ಮಾತಾಡುತ್ತಾರೆ, ಜಗಳವಾಡುತ್ತಾರೆ, ಸಂತೆ ಮಾಡುತ್ತಾರೆ. ಎದುರಿಗಿರುವ ಪಾತ್ರದ ಹೆಸರಿನ ಮುಂದೆ ‘ನೋಡು’ ಎಂದು ಟೈಪಿಸಿದರೆ ಆ ಪಾತ್ರದ ರೂಪ ಆರುನೂರು ಅಕ್ಷರಗಳೊಳಗೆ ತೆರೆಯ ಮೇಲೆ ಬರುತ್ತದೆ. ಆ ಆರುನೂರು ಅಕ್ಷರ ಎಲ್ಲರಿಗೂ ಒಲಿಯುವುದಿಲ್ಲ. ಒಲಿಯದವರು ಇವರ ಹತ್ತಿರ ಬರುತ್ತಾರೆ. ಆಟದೊಳಗೆ ಇವರನ್ನು ಎಲ್ಲರೂ ಕರೆಯುವುದು ‘ಚಹರೆಯಕ್ಕ’ ಎಂದು.

ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ಏಳು ವರ್ಷಗಳಲ್ಲಿ ಆರು ಸಾವಿರ ದಾಟಿದೆ. ಬರೆದದ್ದನ್ನೆಲ್ಲ ನೋಟ್‌ಬುಕ್ಕಿನಲ್ಲೂ ಇಳಿಸಿಡುತ್ತಾರೆ. ಒಬ್ಬರಿಗೆ ಕೊಟ್ಟ ಹುಬ್ಬು ಇನ್ನೊಬ್ಬರಿಗೆ ಹೋಗಬಾರದು ಎಂಬುದು ಅವರ ಹಟ. ಯಾರೂ ಹೊಗಳುವುದಿಲ್ಲ. ಪಾತ್ರ ಚೆನ್ನಾಗಿದೆ ಎನಿಸಿದರೆ ಹೊಗಳಿಕೆ ಆಡಿದವರಿಗೆ ಸಲ್ಲುತ್ತದೆ. ‘ಸರಿಯಾಗೇ ಇದೆ ಬಿಡಿ. ಮುಖ ಅವರದು, ನಾನು ಬರೀ ಕನ್ನಡಿ ಒರೆಸೋಳು.’

ಇದಕ್ಕೆ ಮುಂಚೆ ಹತ್ತೊಂಬತ್ತು ವರ್ಷ ಒಂದು ದಿನಪತ್ರಿಕೆಯ ಜಾಹೀರಾತು ವಿಭಾಗದಲ್ಲಿ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳನ್ನು ಬರೆಯುತ್ತಿದ್ದರು. ಕೌಂಟರಿನ ಆಚೆ ಅಳುವವರು, ಈಚೆ ಪೆನ್ನು ಹಿಡಿದ ಇವರು. ಕೋಲುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಇಡೀ ಪ್ರಪಂಚವೇ ಕೋಲುಮುಖ ಇಲ್ಲವೇ ದುಂಡುಮುಖ ಎಂಬಂತಿದ್ದ ಆ ಪಟ್ಟಿಯನ್ನು ಕಂಡರೆ ಅವರಿಗೆ ಮೈಯುರಿ. ಕೆದಕಿ ಕೆದಕಿ ಕೇಳಿ, ಗುರುತಾಗುವಂಥ ಒಂದಾದರೂ ಮಾತು ಸೇರಿಸುತ್ತಿದ್ದರು. ಅದರಿಂದ ಎಷ್ಟೋ ಜನ ಮನೆ ಸೇರಿದರು.

ಹಾಗೆ ಮನೆ ಸೇರಿದ ಒಬ್ಬಳು ಒಂದು ಮಧ್ಯಾಹ್ನ ಕೌಂಟರಿಗೆ ಬಂದಳು. ತುಟಿ ಒಡೆದಿತ್ತು. ‘ಕುಂಟುವಾಗ ಸೆರಗು ಹಿಡಿದುಕೊಳ್ಳುತ್ತಾಳೆ ಅಂತ ಬರೆದದ್ದು ನೀವೇನಾ?’ ಎಂದು ಕೇಳಿದಳು. ಹೌದು ಎಂದರು. ಅವಳು ಬೇರೇನೂ ಹೇಳದೆ ಹೊರಟುಹೋದಳು. ‘ಬೈದಿದ್ರೆ ಮರೆತುಬಿಡ್ತಿದ್ದೆ’ ಎನ್ನುತ್ತಾರೆ ಚಹರೆಯಕ್ಕ.

ಪತ್ರಿಕೆ ಆ ವಿಭಾಗವನ್ನು ಮುಚ್ಚಿದಾಗ ಆಟಕ್ಕೆ ಕರೆತಂದದ್ದು ನಾದಿನಿ. ಹುಟ್ಟಿನಿಂದ ಕಣ್ಣು ಕಾಣದ, ಇವರ ಮನೆಯಲ್ಲೇ ಇರುವ ಆಕೆ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್. ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಆಡುತ್ತಾರೆ. ಆಟದಲ್ಲಿ ಇಂಥವರು ಬಹಳ ಮಂದಿ. ‘ಅತ್ತಿಗೆ, ಅಲ್ಲಿ ಎಲ್ಲರೂ ಕುರುಡರೇ, ಅಕ್ಷರ ಕಂಡಷ್ಟೇ ಲೋಕ. ನನಗೊಂದು ಮುಖ ಬರೆದುಕೊಡಿ’ ಎಂದಿದ್ದರಂತೆ. ಅದು ಮೊದಲನೆಯದು. ಲಿಫ್ಟ್ ರಿಪೇರಿ ಮಾಡುವ ಗಂಡ ಆಗ ನಕ್ಕಿದ್ದರು. ಈಗ ಮನೆಯ ಬಾಡಿಗೆಯಲ್ಲಿ ಅರ್ಧ ಈ ಮುಖಗಳಿಂದಲೇ ಬರುತ್ತದೆ.

ಮೂರು ತಿಂಗಳ ಹಿಂದಿನ ಒಂದು ಸೋಮವಾರ. ‘ಪಹರೆಯವ’ ಎಂಬ ಹೆಸರಿನ ಹೊಸ ಆಟಗಾರನಿಂದ ಬೆಳಗ್ಗೆಯೇ ಕೆಲಸ ಬಂತು. ಆಟದೊಳಗಿನ ಪೇಟೆಚೌಕದಲ್ಲಿ ಡಂಗುರ ಹೊಡೆಸಬೇಕು, ಅರಮನೆಯ ಒಡವೆ ಕದ್ದು ಓಡಿಹೋದ ದಾಸಿಯೊಬ್ಬಳ ರೂಪ ಬರೆದುಕೊಡಿ, ಹಿಡಿದುಕೊಟ್ಟವರಿಗೆ ಬಹುಮಾನ. ಆಟದಲ್ಲಿ ಇಂಥ ಕಥೆ ದಿನಾ ನಡೆಯುತ್ತದೆ. ಬೇಕಾದ ವಿವರಗಳನ್ನು ಅವನೇ ಕಳಿಸಿದ್ದ. ಐದಡಿ ಎರಡಿಂಚು. ಬಲಗಿವಿಯ ಹಾಲೆ ಸೀಳಿದೆ. ಆ ಕಿವಿ ಮಂದ, ಯಾರಾದರೂ ಮಾತಾಡಿದರೆ ಎಡಗಿವಿ ಕೊಡುತ್ತಾಳೆ. ಎಡ ಮಣಿಕಟ್ಟಿನ ಒಳಗೆ ಸುಟ್ಟ ಎರಡು ಗೆರೆ. (ಅಸಲಿ ಗುರುತುಗಳು ಇವಲ್ಲ. ಈ ಲೇಖನಕ್ಕಾಗಿ ಚಹರೆಯಕ್ಕ ನನ್ನ ಪಕ್ಕ ಕೂತು ಒಂದೊಂದನ್ನೂ ಬದಲಿಸಿಕೊಟ್ಟಿದ್ದಾರೆ.)

ಎರಡು ಸಾಲು ಬರೆದರು. ಕೈ ನಿಂತಿತು.

‘ಕಲ್ಪಿಸಿಕೊಂಡವರು ಕಣ್ಣಿಂದ ಶುರು ಮಾಡ್ತಾರೆ. ಕಣ್ಣು ಹಾಗಿರಲಿ, ಕೂದಲು ಹೀಗಿರಲಿ ಅಂತಾರೆ. ಗುರುತಿಂದ ಶುರು ಮಾಡೋರು ಹುಡುಕೋರು. ಕೌಂಟರಲ್ಲಿ ಅಷ್ಟು ವರ್ಷ ಕೂತಿದ್ದೀನಿ, ನನಗೆ ಗೊತ್ತಾಗುತ್ತೆ.’

ಮಣಿಕಟ್ಟಿನ ಎರಡು ಗೆರೆ ಎಲ್ಲೋ ಕಂಡ ಹಾಗಿತ್ತು. ನೋಟ್‌ಬುಕ್ ತಿರುವಿದರು. ಹಿಂದಿನ ವರ್ಷದ ಪುಟವೊಂದರಲ್ಲಿ ಸಿಕ್ಕಿತು. ಆಟದಲ್ಲಿ ನೇಕಾರ್ತಿಯಾಗಿದ್ದ ಒಬ್ಬ ಹೆಂಗಸಿಗೆ ಬರೆದುಕೊಟ್ಟ ವಿವರಣೆ. ‘ಎಲ್ಲ ಬೇರೆ ಇರಲಿ ಅಕ್ಕಾ, ಈ ಗೆರೆ ಮಾತ್ರ ನನ್ನದೇ ಇರಲಿ’ ಎಂದು ಆಕೆ ಕೇಳಿಕೊಂಡಿದ್ದಳು. ‘ಜೊತೆಯಾಗಿ ಹರಿದು ಎಲ್ಲೂ ಕೂಡದ ಎರಡು ಹೊಳೆಗಳಂಥ ಗೆರೆ’ ಎಂದು ಇವರು ಬರೆದಿದ್ದರು. ಬರೆದ ದಿನ ನಾದಿನಿಗೆ ಓದಿ ಹೇಳಿ ಹಿಗ್ಗಿದ್ದರು. ಈಗ ಅದೇ ಸಾಲಿನ ಮೇಲೆ ಬೆರಳಿಟ್ಟು, ಅವನು ಕಳಿಸಿದ್ದರ ಜೊತೆ ಹೋಲಿಸಿ ನೋಡಿದರು. ಡಂಗುರ ಕೇಳಿದ ಯಾರಾದರೂ ನೇಕಾರ್ತಿಯ ಎದುರು ‘ನೋಡು’ ಎಂದರೆ ಮುಗಿಯಿತು. ಬಹುಮಾನದ ಆಸೆಗೆ, ಆಟವೆಂದೇ ನಂಬಿ, ಆಕೆಯೊಡನೆ ಸಲಿಗೆ ಬೆಳೆಸಿ ಎಲ್ಲಿದ್ದಾಳೆಂದು ತಿಳಿದು ಅವನಿಗೆ ಹೇಳಿಬಿಡುತ್ತಾರೆ.

ಅನುಮಾನ ತಪ್ಪೂ ಆಗಿರಬಹುದಿತ್ತು. ಅವನು ತಂಗಿಗಾಗಿ ಕಂಗಾಲಾದ ಅಣ್ಣನೂ ಆಗಿರಬಹುದು. ಡ್ಯೂಟಿಗೆ ಹೊರಟಿದ್ದ ನಾದಿನಿಯನ್ನು ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿದರು. ಆಕೆ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಅಂದರು: ‘ಮೊದಲು ಅವಳಿಗೆ ತಿಳಿಸಿ ಅತ್ತಿಗೆ. ಆಟ ನಡೆಸೋರಿಗೂ ಬರೀರಿ. ಹೆದರೋದು ಆಮೇಲೆ ಇದ್ದೇ ಇದೆ.’

ನೇಕಾರ್ತಿ ಒಳಗೆ ಬಂದಿರಲಿಲ್ಲ. ಕಳಿಸಿದ ಸಂದೇಶ ಓದದೆ ಬಿದ್ದಿತ್ತು. ಹಾಕಿದ ವಿವರಣೆಯನ್ನು ಬದಲಿಸಲು ಪಾತ್ರದ ಒಡತಿಗೆ ಬಿಟ್ಟರೆ ಮೇಲ್ವಿಚಾರಕರಿಗೆ ಮಾತ್ರ ಸಾಧ್ಯ. ಅವರಿಗೂ ಬರೆದರು, ಆದರೆ ಅವರು ಬಿಡುವಾದಾಗ ಬರುವ ಸ್ವಯಂಸೇವಕರು. ಇತ್ತ ಪಹರೆಯವ ‘ಆಯ್ತಾ?’ ಎಂದು ಬೆನ್ನಿಗೆ ಬಿದ್ದಿದ್ದ. ಇಲ್ಲವೆಂದರೆ ತಾನೇ ಬರೆದು ಹಾಕಿಯಾನು. ಆದ್ದರಿಂದ ಹೊತ್ತು ತಳ್ಳಲು ಚಹರೆಯಕ್ಕ ಪ್ರಶ್ನೆ ಕೇಳತೊಡಗಿದರು. ನಡಿಗೆ ಹೇಗೆ? ನಕ್ಕರೆ ಹಲ್ಲು ಕಾಣುತ್ತಾ? ಕೂತರೆ ಕೈ ಎಲ್ಲಿಡುತ್ತಾಳೆ? ಮಧ್ಯಾಹ್ನದೊಳಗೆ ಹನ್ನೊಂದು ಪ್ರಶ್ನೆ. ಪ್ರತಿಯೊಂದಕ್ಕೂ ನಿಮಿಷದೊಳಗೆ ಉತ್ತರ.

ಏಳನೆಯದು, ಅವಳಿಗೆ ಯಾವುದಕ್ಕೆ ಭಯ ಎಂದು. ಅವನು ಬರೆದ: ‘ಬಾಗಿಲು ತೆಗೆಯೋ ಸದ್ದಿಗೆ ಬೆಚ್ಚುತ್ತಾಳೆ. ಆಗ ಕೈಯಲ್ಲಿದ್ದದ್ದು ಬೀಳಿಸುತ್ತಾಳೆ.’ ಅದರ ಮುಂದೆ ಒಂದು ನಗುಮುಖದ ಚಿಹ್ನೆ.

‘ಅಲ್ಲಿಗೆ ಅನುಮಾನ ಹೋಯ್ತು. ಬರೀ ಭಯ ಉಳಿಯಿತು’ ಎನ್ನುತ್ತಾರೆ.

ಸಂಜೆ ನಾಲ್ಕರ ಹೊತ್ತಿಗೆ ಮೇಲ್ವಿಚಾರಕರು ಬಂದರು, ಮಾತುಕತೆ ಓದಿದರು. ನೇಕಾರ್ತಿಯ ವಿವರಣೆಯನ್ನು ತೆಗೆದು, ಅಲ್ಲಿ ಹಾಕಲು ಬೇರೊಂದನ್ನು ಕೂಡಲೇ ಕೊಡಿ ಎಂದರು. ಹತ್ತೇ ನಿಮಿಷ. ಜೀವನದಲ್ಲಿ ಯಾವ ಪಟ್ಟಿಯನ್ನು ಕಂಡರೆ ಮೈ ಉರಿಯುತ್ತಿತ್ತೋ ಅದನ್ನೇ ಇಳಿಸಿದರು: ಕೋಲುಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಸಾವಿರ ಜನಕ್ಕೆ ಹೊಂದುವ, ಯಾರನ್ನೂ ತೋರದ ಮುಖ. ಪಹರೆಯವನನ್ನು ಆಟದಿಂದ ಹೊರಹಾಕಿದರು. ಹೋಗುವ ಮುಂಚೆ ಅವನು ಇವರಿಗೊಂದು ಸಾಲು ಬಿಟ್ಟುಹೋದ. ‘ನೀನ್ಯಾರು ಅಂತಾನೂ ಪತ್ತೆ ಮಾಡ್ತೀನಿ.’

ಪೊಲೀಸರಿಗೆ ದೂರು ಕೊಟ್ಟಾಗಿದೆ. ಗಂಡ ಮಾರನೇ ದಿನವೇ ಬಾಗಿಲಿಗೆ ಎರಡನೇ ಚಿಲಕ ಜಡಿದರು. ‘ನೂರಾರು ಲಿಫ್ಟ್ ಬಾಗಿಲು ಸರಿಮಾಡಿದ್ದೀನಿ, ನಮ್ಮನೆ ಬಾಗಿಲು ಇಷ್ಟು ತೆಳ್ಳಗಿದೆ ಅಂತ ಅವತ್ತೇ ಗೊತ್ತಾಗಿದ್ದು’ ಎನ್ನುತ್ತಾರೆ ಅವರು, ನಗದೆ.

ನೇಕಾರ್ತಿ ಬಂದದ್ದು ಮೂರು ದಿನ ಬಿಟ್ಟು. ತನ್ನನ್ನೇ ‘ನೋಡಿ’ಕೊಂಡು ಕೇಳಿದಳು: ‘ಅಕ್ಕಾ, ನನ್ನ ಗೆರೆ ಎಲ್ಲಿ?’ ಚಹರೆಯಕ್ಕ ಎಲ್ಲವನ್ನೂ ಬರೆದರು. ಅವಳು ಉತ್ತರ ಬರೆದಳು. ‘ಮನೇಲಿದ್ದಾಗಲೂ ಈ ಆಟ ಆಡ್ತಿದ್ದೆ, ಅವನಿಗೆ ಗೊತ್ತು. ಊರು ಬಿಟ್ಟು ಒಂದೂವರೆ ವರ್ಷ ಆಯ್ತು ಅಕ್ಕಾ. ಹೆಸರು ಬದಲಾಯಿಸಿದೆ, ಕೂದಲು ಕತ್ತರಿಸಿದೆ. ಇಲ್ಲೊಂದು ಕಡೆ ನಾನು ನಾನಾಗಿದ್ದೆ.’

‘ನನ್ನದೇ ತಪ್ಪು. ಅಷ್ಟು ಚೆನ್ನಾಗಿ ಬರೀಬಾರದಿತ್ತು’ ಎಂದು ಇವರು ಬರೆದರು.

‘ಅಲ್ಲ. ಆ ಗೆರೇನ ಯಾರಾದರೂ ಚೆನ್ನಾಗಿದೆ ಅಂದಿದ್ದು ಅದೇ ಮೊದಲು’ ಎಂದು ಉತ್ತರ ಬಂತು. ಅಂದಿನಿಂದ ನೇಕಾರ್ತಿ ಆಟಕ್ಕೆ ಬಂದಿಲ್ಲ.

ಈಗ ಮುಖ ಬರೆಸಲು ಬರುವ ಪ್ರತಿಯೊಬ್ಬರಿಗೂ ಚಹರೆಯಕ್ಕನ ಮೊದಲ ಪ್ರಶ್ನೆ ಒಂದೇ: ಇದರಲ್ಲಿ ಬದುಕಿರುವವರ ಗುರುತು ಏನಾದರೂ ಇದೆಯೇ? ಕೆಲವರು ನಗುತ್ತಾರೆ, ಕೆಲವರು ಸಿಟ್ಟಾಗಿ ಬೇರೆಯವರ ಹತ್ತಿರ ಹೋಗುತ್ತಾರೆ. ನಿದ್ದೆ ಸರಿಯಿಲ್ಲ. ಬೇಡವಾದರೆ ಬಿಟ್ಟುಬಿಡು ಎಂದು ಗಂಡ ಹೇಳಿ ನೋಡಿದ್ದಾರೆ. ‘ಬಿಟ್ಟರೆ ಅಂಥವನು ಮತ್ತೆ ಬಂದಾಗ ಗುರುತು ಹಿಡಿಯೋರು ಯಾರು?’ ಎಂಬುದು ಅವರ ಮಾತು.

ನೇಕಾರ್ತಿ ಎಲ್ಲಿದ್ದಾಳೆ, ಹೇಗಿದ್ದಾಳೆ ಎಂದು ತಿಳಿಯುವ ಆಸೆ ಇಲ್ಲವೇ ಎಂದು ಕೇಳುತ್ತೇನೆ. ಅವರು ಲ್ಯಾಪ್‌ಟಾಪಿನ ಮುಚ್ಚಳವನ್ನು ಅರ್ಧಕ್ಕೆ ಇಳಿಸುತ್ತಾರೆ.

‘ಚೆನ್ನಾಗಿರಲಿ ಅಂತ ದಿನಾ ಅಂದ್ಕೋತೀನಿ. ಎಲ್ಲಿ ಅನ್ನೋದು ಮಾತ್ರ ನನಗೆ ಯಾವತ್ತೂ ಗೊತ್ತಾಗದೇ ಇರಲಿ. ಗೊತ್ತಿಲ್ಲದ್ದನ್ನ ನನ್ನ ಬಾಯಿಂದ ಯಾರೂ ಹೊರಡಿಸೋಕಾಗಲ್ಲ.’