ಲೆನ್ಸಿಗೆ ಹುರಿ ಕಟ್ಟಿದವರು

ನೆಲದ ಮೇಲೆ ನಿಂತಾಗಲೂ ಕಾಕಾನ ಕತ್ತು ಮುಂದಕ್ಕೆ ಬಾಗಿಯೇ ಇರುತ್ತಿತ್ತು. ಪೀಣ್ಯದ ಎರಕದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷ ಕ್ರೇನಿನ ಗೂಡಿನಲ್ಲಿ ಕೂತು ಕೆಳಗೇ ನೋಡಿದವರು. ಕನ್ನಡಕಕ್ಕೆ ದಾರ, ಮೊಬೈಲಿಗೆ ದಾರ, ಪೆನ್ನಿಗೂ ದಾರ. ಏಣಿ ಹತ್ತುವ ಮುಂಚೆ ಜೇಬಿನ ಎಲೆಅಡಿಕೆ ಚೀಲವನ್ನೂ ತೆಗೆದಿಡುತ್ತಿದ್ದರು. ವಿಜಾಪುರದ ಕಡೆಯವರು. ಕಾರ್ಖಾನೆಯಲ್ಲಿ ಎಲ್ಲರಿಗೂ ಕಾಕಾ, ನನಗೂ.

ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ವರ್ಷ, ಆ ಕಾರ್ಖಾನೆಯ ಪರಿಚಯ ಪುಸ್ತಕಕ್ಕೆ ಫೋಟೊ ತೆಗೆಯಲು ಹೋಗಿದ್ದೆ. ಕುಲುಮೆಯ ಹತ್ತಿರ ಬಿಡುತ್ತಿರಲಿಲ್ಲ. ಏಣಿ ಹತ್ತಿ, ಕ್ರೇನಿನ ಪಕ್ಕದ ಕಿರಿದಾದ ಹಾದಿಯಲ್ಲಿ ನಿಂತು ದೂರದಿಂದಲೇ ತೆಗೆಯಬೇಕಿತ್ತು. ದೊಡ್ಡ ಲೆನ್ಸ್ ಸಾಲದೆಂದು, ಅದಕ್ಕೂ ಕ್ಯಾಮೆರಾಕ್ಕೂ ನಡುವೆ ಟೆಲಿಕನ್ವರ್ಟರ್ ಸೇರಿಸಿದ್ದೆ. ದೂರದ್ದನ್ನು ಇನ್ನಷ್ಟು ಹತ್ತಿರ ತೋರಿಸುವ ಗಿಡ್ಡ ಕೊಳವೆ ಅದು.

ಕಾಕಾ ಏಣಿಗೆ ಅಡ್ಡ ನಿಂತರು. "ಎಷ್ಟು ಜೋಡಣಿ ಅದಾವು ಇದಕ್ಕ?"

"ಎರಡು."

"ಕೊಳ್ಳಾಗಿನ ಪಟ್ಟಿ ಕ್ಯಾಮೆರಾ ಹಿಡಿತೈತಿ. ಮುಂದಿಂದು ಯಾರು ಹಿಡಿತಾರ?"

"ಲಾಕ್ ಇದೆ ಕಾಕಾ, ಟಕ್ ಅಂತ ಕೂರುತ್ತೆ" ಅಂದೆ, ಜಂಬದಿಂದಲೇ. ಕ್ಯಾಮೆರಾದ ಗಂಧಗಾಳಿ ಇಲ್ಲದವರು ನನಗೆ ಪಾಠ ಹೇಳುವುದೇ? ಅವರು ಲೆನ್ಸಿನ ಹೊಟ್ಟೆ ಸುತ್ತಿದ ಲೋಹದ ಪಟ್ಟಿಗೆ ನೈಲಾನ್ ಹುರಿ ಬಿಗಿದರು. ಮೇಲೆ ಹತ್ತಿದ ಮೇಲೆ ಇನ್ನೊಂದು ತುದಿಯನ್ನು ಕಂಬಿಗೆ ಕಟ್ಟಿ, ಸೀಟಿ ಊದಿ ಕೆಳಗಿನವರನ್ನೆಲ್ಲ ಸರಿಸಿದರು.

ಚಿತ್ರವನ್ನು ಉದ್ದುದ್ದಕ್ಕೆ ತೆಗೆಯಲು ಕ್ಯಾಮೆರಾ ತಿರುಗಿಸಿದೆ. ಬೆವರಿದ ಬೆರಳು ಕನ್ವರ್ಟರಿನ ಗುಂಡಿಯನ್ನು ಒತ್ತಿದ್ದು ಗೊತ್ತೇ ಆಗಲಿಲ್ಲ. ಲೆನ್ಸ್ ಕಳಚಿಕೊಂಡು ಎಡಗೈಯಿಂದ ಜಾರಿತು. ಹುರಿ ಜಗ್ಗಿ ನಿಂತಾಗ ಅದು ನನ್ನ ಪಾದಗಳಿಗಿಂತ ಕೆಳಗೆ ತೂಗಾಡುತ್ತಿತ್ತು. ಅದರ ನೇರ ಕೆಳಗೆ, ಸೀಟಿ ಕೇಳಿಸದೆ ಬಂದಿದ್ದ ಹೆಂಗಸೊಬ್ಬರು ಮರಳಿನ ಬುಟ್ಟಿ ಹೊತ್ತು ಹೋಗುತ್ತಿದ್ದರು. ಬುಟ್ಟಿ ಹೊತ್ತವರಿಗೆ ಕತ್ತೆತ್ತಿ ನೋಡಲಾಗುವುದಿಲ್ಲ. ಕಂಬಿ ಹಿಡಿದು ಕೆಳಗೇ ನೋಡುತ್ತಾ ನಿಂತೆ.

ಕಾಕಾ ಲೆನ್ಸನ್ನು ಮೇಲೆಳೆದುಕೊಂಡು ಅಲ್ಲೇ ಕುಸಿದು ಕೂತರು. ಹುರಿಯ ಗಂಟನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಂಡರು.

"ಇಪ್ಪತ್ತು ವರ್ಷಾತು ತಮ್ಮಾ, ದಿನಾ ಹಿಂಗ ಅಂಜತೀನಿ. ಅಂಜಿಕಿ ಹೋದ ದಿನ ನಾ ಮ್ಯಾಲ ಹತ್ತಂಗಿಲ್ಲ."

ಕೆಲಸ ಬಿಟ್ಟು ಊರಿಗೆ ಹೋದ ಮರುವರ್ಷವೇ ಕಾಕಾ ತೀರಿಕೊಂಡರಂತೆ. ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ನನ್ನ ಕೈಯಿಂದ ಒಂದು ಜೀವ ಹೋಗದಂತೆ ತಡೆದವರಿಗೆ ಒಂದು ಹಿಡಿ ಮಣ್ಣು ಹಾಕಲೂ ಆಗಲಿಲ್ಲವಲ್ಲ ಎಂದು ಸಂಕಟವಾಯಿತು. ಆಗ ಕಣ್ಣೆದುರು ಬಂದದ್ದು ಅಂದು ಕೆಳಗಿಳಿದ ಮೇಲೆ ನಡೆದದ್ದು.

ಯಾರಿಗೂ ಹೇಳಬೇಡಿ ಎಂದು ಅವರನ್ನು ಬೇಡಿಕೊಂಡಿದ್ದೆ. ಇನ್ನು ಮುಂದೆ ಯಾರೂ ಕೆಲಸಕ್ಕೆ ಕರೆಯಲಾರರೆಂಬ ಭಯ.

"ಸಾಹೇಬ್ರಿಗೆ ಹೇಳೂದು ಬ್ಯಾಡ. ಆ ತಂಗಿಗೆ ಹೇಳು" ಎಂದು ಲೆನ್ಸನ್ನು ನನ್ನ ಕೈಗಿತ್ತು, ಆಕೆಯ ಮುಂದೆ ಒಯ್ದು ನಿಲ್ಲಿಸಿದರು.

ತಡವರಿಸುತ್ತಾ ಹೇಳಿದೆ. ಆಕೆ ಬೈದಿದ್ದರೆ ಚೆನ್ನಾಗಿತ್ತು. ಬುಟ್ಟಿ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಲೆನ್ಸನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು.

"ನಮ್ ಪಾಪು ಉಟ್ಟಿದಾಗ ಇಷ್ಟೇ ತೂಕ ಇತ್ತು ಸಾರ್" ಅಂದರು. "ಈಗಿನ್ನೂ ಏಳು ತಿಂಗ್ಳು. ಅಗೋ, ಗೇಟ್ ತಾವ ಮಲಗ್ಸಿವ್ನಿ."

ಕಾಕಾ ಆ ಕಡೆ ತಿರುಗಿ ನೋಡಿದರು. ನನಗೆ ನೋಡುವ ಧೈರ್ಯ ಬರಲಿಲ್ಲ.